ಶುಕ್ರವಾರ ಹೊಡೆಯದ ನಲ್ಲಿ

ನಲ್ಲಿ ನೀರು ಕೊಡಬೇಕು, ಹೊಡೆಯಬಾರದು. ಇಷ್ಟು ಸಣ್ಣ ಮಾತು ಒಂದು ವಠಾರಕ್ಕೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಬ್ಬ ಹೆಂಗಸಿನ ಮೊಣಕೈ ಮುರಿಯಿತು, ಇನ್ನೊಬ್ಬಳ ಮಾನ ಅಂಗಳಕ್ಕೆ ಬಂತು. ಆ ಕಥೆ ಹೇಳುತ್ತೇನೆ, ಕೇಳಿ. ಕೇಳಿ ಸುಮ್ಮನೆ ಎದ್ದು ಹೋಗಬೇಡಿ.

ಪೀಣ್ಯದ ಕಾರ್ಖಾನೆಗಳಿಗೆ ಜಮೀನು ಹೋದ ಮೇಲೆ ಚಿಕ್ಕಬೈರಪ್ಪನವರು ನಾಗಸಂದ್ರದ ಹತ್ತಿರ, ತಮ್ಮ ಹಳೆಯ ಮನೆಯ ಪಕ್ಕದಲ್ಲೇ ಆರು ಮನೆಗಳ ವಠಾರ ಕಟ್ಟಿಸಿದರು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಬಾಡಿಗೆ ಬೆಳೆಯತೊಡಗಿತು. ಆರು ಮನೆಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ತಾರಸಿಯ ಮೇಲಿನ ಸಿಮೆಂಟ್ ತೊಟ್ಟಿಯಿಂದ ಕಬ್ಬಿಣದ ಪೈಪು ಯಜಮಾನರ ಮನೆಯ ಗೋಡೆಗುಂಟ ಇಳಿದು, ಕಿಟಕಿಯ ಪಕ್ಕದ ಕಲ್ಲುಕಂಬದ ಮೇಲೆ ನಿಂತು ಬಾಯಿ ಬಿಡುತ್ತಿತ್ತು. ಅದರ ಕೆಳಗೆ ಬಟ್ಟೆ ಒಗೆಯುವ ಚಪ್ಪಡಿ. ಆ ಚಪ್ಪಡಿ ಒಣಗಿದ್ದನ್ನು ಯಾರೂ ಕಂಡಿರಲಿಲ್ಲ.

ಎಂಬತ್ತಮೂರನೇ ಇಸವಿ ಸಂಕ್ರಾಂತಿಗೆ ಯಜಮಾನರ ಮನೆಗೆ ಫ್ರಿಜ್ ಬಂತು. ಆ ಬೀದಿಗೆಲ್ಲ ಅದೇ ಮೊದಲನೆಯದು. ಚಿಕ್ಕಬೈರಪ್ಪನವರ ಹೆಂಡತಿ ಅಂಜಿನಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ತಲೆಗೆ ಕಸೂತಿ ಬಟ್ಟೆ ಹೊದಿಸಿ, ಅದರ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹೊಸ ನೆಲಕ್ಕೆ ಗೀರು ಬೀಳದಿರಲಿ ಎಂದು ಯಜಮಾನರು ಅದರ ಅಡಿಗೂ ಮುಂದಕ್ಕೂ ದಪ್ಪ ರಬ್ಬರ್ ಹಾಳೆ ಹಾಸಿದರು.

ಕನೆಕ್ಷನ್ ಕೊಟ್ಟವನು ರೇಡಿಯೊ ರಿಪೇರಿ ಪಾಪಯ್ಯ. ಮನೆಯಲ್ಲಿದ್ದದ್ದು ಎರಡು ತೂತಿನ ಪ್ಲಗ್ಗು, ಫ್ರಿಜ್ಜಿನ ವೈರಿನಲ್ಲಿ ಇದ್ದದ್ದು ಮೂರು ಕಡ್ಡಿ. ಮೂರನೆಯದನ್ನು ಏನು ಮಾಡುವುದು? ಪಾಪಯ್ಯ ತಲೆ ಕೆರೆದುಕೊಳ್ಳಲೂ ಇಲ್ಲ. ಫ್ರಿಜ್ಜಿನ ಮೈಯಿಂದ ಒಂದು ಹಸಿರು ತಂತಿ ಎಳೆದು, ಕಿಟಕಿಯಿಂದ ಆಚೆ ತಂದು, ನಲ್ಲಿ ಪೈಪಿಗೆ ನಾಲ್ಕು ಸುತ್ತು ಸುತ್ತಿ ಬಿಗಿದ.

"ಇದು ಅರ್ತಿಂಗು ಯಜಮಾನ್ರೇ. ಫ್ರಿಜ್ಜಲ್ಲಿ ಏನಾರ ಕರೆಂಟು ಲೀಕ್ ಆದ್ರೆ ಪೈಪಿನಾಗೆ ಭೂಮಿಗೆ ಓಯ್ತದೆ. ಬೆಂಗ್ಳೂರಾಗೆಲ್ಲ ಇಂಗೇ ಮಾಡೋದು."

ಹೀಗೆ ಫ್ರಿಜ್ಜಿಗೂ ನಲ್ಲಿಗೂ ಗಂಟು ಬಿತ್ತು. ಆ ಪೈಪು ತಾರಸಿಯಿಂದ ಇಳಿದು ಕಲ್ಲಿನ ಮೇಲೆ ನಿಂತಿದೆಯಲ್ಲ, ಭೂಮಿಗೆ ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲೆಲ್ಲ ಹೀಗೇ ಎಂದರೆ ಸಾಕು, ನಮ್ಮವರ ಬಾಯಿ ಮುಚ್ಚುತ್ತದೆ.

ಯುಗಾದಿ ಕಳೆದ ಮೇಲೆ ನಲ್ಲಿ ಹೊಡೆಯಲು ಶುರು ಮಾಡಿತು.

ಮೊದಲು ಹೊಡೆಸಿಕೊಂಡವಳು ವೆಂಕಟಲಕ್ಷ್ಮಿ. ವಠಾರದ ಮೂರನೆಯ ಮನೆಯವಳು. ಗಂಡ ರಾಮಪ್ರಸಾದ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾಗಿ ಎರಡು ವರ್ಷ. ಕೊಡ ಇಟ್ಟು ಹಿತ್ತಾಳೆ ನಲ್ಲಿ ತಿರುಗಿಸಲು ಹೋದರೆ ಬೆರಳಿನಿಂದ ಮೊಣಕೈವರೆಗೆ ಜುಂ ಎಂದಿತು. ಕೈ ತಾನಾಗಿ ಹಿಂದಕ್ಕೆ ಬಂತು. ಕಾಲು ಗಂಟೆ ಬಿಟ್ಟು ಹೆದರುತ್ತಾ ಮುಟ್ಟಿದಳು, ಏನೂ ಇಲ್ಲ. ಕೈ ಜೋಮು ಹಿಡಿದಿತ್ತೇನೋ ಎಂದುಕೊಂಡು ಸುಮ್ಮನಾದಳು. ಮಾರನೆಯ ದಿನ ಮತ್ತೆ ಜುಂ. ಅವಳ ಹಿಂದೆ ಬಂದವಳಿಗೂ ಜುಂ. ಅವಳ ಹಿಂದಿನವಳಿಗೆ ಏನೂ ಇಲ್ಲ.

ವಠಾರದವರು ಹೋಗಿ ಯಜಮಾನರಿಗೆ ಹೇಳಿದರು. ಚಿಕ್ಕಬೈರಪ್ಪನವರು ಪಟಪಟ ರಬ್ಬರ್ ಚಪ್ಪಲಿ ಬಡಿಯುತ್ತಾ ಬಂದರು. ನಲ್ಲಿಯನ್ನು ಕೈತುಂಬ ಹಿಡಿದರು. ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು.

"ಎಲ್ಲೈತೆ ಶಾಕು? ನಂಗ್ಯಾಕೆ ಒಡೀಲಿಲ್ಲ?" ಎಂದರು. "ಎಂಗಸ್ರಿಗೆ ಕೆಲಸ ಇಲ್ಲ, ಇಂಗೆಲ್ಲ ಕತೆ ಕಟ್ತವೆ."

ಆ ನಲ್ಲಿಯ ಹತ್ತಿರ ಹೆಂಗಸರಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ನೀರು ಗಂಗಮ್ಮ, ಗಂಗಮ್ಮನ ಮುಂದೆ ಚಪ್ಪಲಿ ಬಿಡಬೇಕು. ಅದು ಅಂಜಿನಮ್ಮನ ಕಟ್ಟಳೆ. ಆರು ಮನೆಯ ಹೆಂಗಸರು ಒದ್ದೆ ಚಪ್ಪಡಿಯ ಮೇಲೆ ಬರಿಗಾಲಲ್ಲೇ ನಿಲ್ಲುತ್ತಿದ್ದರು. ಕಟ್ಟಳೆ ಯಜಮಾನರ ಕಾಲಿಗೆ ಮಾತ್ರ ತಗಲುತ್ತಿರಲಿಲ್ಲ.

ಹದಿನೈದು ದಿನ ಹೀಗೇ ನಡೆಯಿತು. ಹೆಂಗಸರು ಸೆರಗು ಸುತ್ತಿಕೊಂಡು, ಕಡ್ಡಿಯಿಂದ ತಟ್ಟಿ ನೋಡಿ ನೀರು ಹಿಡಿದರು. ಆಮೇಲೊಂದು ಮಂಗಳವಾರ ಬೆಳಿಗ್ಗೆ, ಎರಡನೆಯ ಮನೆಯ ಭಾಗ್ಯಮ್ಮ ಎಡಗೈಯಲ್ಲಿ ನೀರು ತುಂಬಿದ ಬಕೆಟ್ ಹಿಡಿದು ಬಲಗೈಯಿಂದ ನಲ್ಲಿ ನಿಲ್ಲಿಸಲು ಹೋದಳು. ಒಂದು ಕ್ಷಣ ಕೈ ನಲ್ಲಿಗೆ ಅಂಟಿಕೊಂಡಿತು. ಬಾಯಿಂದ ದನಿ ಹೊರಡಲಿಲ್ಲ. ಆಮೇಲೆ ಯಾರೋ ನೂಕಿದ ಹಾಗೆ ಹಿಂದಕ್ಕೆ ಬಿದ್ದಳು. ಮೊಣಕೈ ಚಪ್ಪಡಿಯ ಅಂಚಿಗೆ ಬಡಿದು ಮುರಿಯಿತು. ಹತ್ತಿರವಿದ್ದ ವೆಂಕಟಲಕ್ಷ್ಮಿಯೇ ಅವಳನ್ನು ಎಬ್ಬಿಸಿದ್ದು. ಭಾಗ್ಯಮ್ಮನ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

ಅಂಜಿನಮ್ಮ ಜಗಲಿಗೆ ಬಂದು ನೋಡಿದರು. ಅಯ್ಯೋ ಎನ್ನಲಿಲ್ಲ. ಎಲ್ಲರ ಮುಂದೆ ಕೇಳಿದರು:

"ಏನವ್ವ ಭಾಗ್ಯ, ಒರಗಾಗಿದ್ದೀಯಾ?"

ಭಾಗ್ಯಮ್ಮ ನೋವಿನಲ್ಲೂ ತಲೆ ತಗ್ಗಿಸಿದಳು. ಆ ತಲೆ ತಗ್ಗಿದ್ದೇ ಅಂಜಿನಮ್ಮನಿಗೆ ಉತ್ತರವಾಯಿತು.

"ಅದೇ ಮತ್ತೆ. ಮುಟ್ಟು ಮೈಲಿಗೆ ನೋಡ್ದಲೆ ಗಂಗಮ್ಮನ ಮುಟ್ಟಿದ್ರೆ ಬುಟ್ಟಾಳಾ? ಅವ್ಳು ಒಡೆಯೋದು ಸುಮ್ಕಲ್ಲ. ಬರೋ ತಿಂಗ್ಳು ಭಾನುವಾರ ನನ್ನ ಮಗಳ ಬಳೆ ಶಾಸ್ತ್ರ ಐತೆ. ಏಳು ತಿಂಗ್ಳ ಬಸುರಿ ಇದೇ ನಲ್ಲಿ ತಾವ ನಿಂತು ಗಂಗೆ ಪೂಜೆ ಮಾಡ್ಬೇಕು. ಅಷ್ಟ್ರೊಳ್ಗೆ ತಾಯಿ ಶಾಂತ ಆಗ್ಬೇಕು. ಇನ್ಮೇಲೆ ಒರಗಾದವ್ರು ಯಾರೂ ಇತ್ತ ಸುಳೀಬಾರ್ದು. ಒರಗಾದ್ರೆ ಮೊದ್ಲು ನಂಗೆ ಬಂದು ಏಳ್ಬೇಕು."

ಮುರಿದ ಕೈಯ ಹೆಂಗಸಿನ ಮುಂದೆ ನಿಂತು ಆಡುವ ಮಾತೇ ಇದು? ವೆಂಕಟಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಆದರೆ ಬಾಡಿಗೆ ಮನೆಯವಳ ನಾಲಿಗೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅವಳೂ ಸುಮ್ಮನಿದ್ದಳು. ಆ ಸುಮ್ಮನಿದ್ದುದಕ್ಕೆ ಆಮೇಲೆ ತನ್ನನ್ನೇ ತಾನು ಬೈದುಕೊಂಡಳು.

ಆ ಶುಕ್ರವಾರ ಅಂಜಿನಮ್ಮ ನಲ್ಲಿಗೆ ದೊಡ್ಡ ಪೂಜೆ ಮಾಡಿದರು. ಅರಿಶಿನ ಬಳಿದು, ಹೂವು ಮುಡಿಸಿ, ಬರಿಗಾಲಲ್ಲಿ ನಿಂತು, ಬರಿಗೈಯಲ್ಲಿ ನಲ್ಲಿ ಹಿಡಿದು ಮೂರು ಸಲ ನೀರು ಬಿಟ್ಟರು. ನಲ್ಲಿ ತಣ್ಣಗಿತ್ತು. ಮಧ್ಯಾಹ್ನದವರೆಗೂ ಯಾರಿಗೂ ಜುಂ ಎನ್ನಲಿಲ್ಲ. ನೆನೆಸಿಕೊಂಡು ನೋಡಿದರೆ ಹಿಂದಿನ ಶುಕ್ರವಾರ ಬೆಳಿಗ್ಗೆಯೂ ಅದು ಹೊಡೆದಿರಲಿಲ್ಲ. ವಠಾರದ ಹೆಂಗಸರೇ ಕೆನ್ನೆ ಕೆನ್ನೆ ಬಡಿದುಕೊಂಡರು. ಇನ್ನು ಯಾರು ಏನು ಹೇಳಿದರೂ ಅಂಜಿನಮ್ಮ ಕೇಳುವ ಹಾಗಿರಲಿಲ್ಲ. ಗಂಗಮ್ಮನೇ ಅವರ ಕಡೆ ಸಾಕ್ಷಿ ನುಡಿದಿದ್ದಳು.

ಅದೇ ಸಂಜೆ ವೆಂಕಟಲಕ್ಷ್ಮಿ ನೀರಿಗೆ ಹೋದಳು. ನಲ್ಲಿ ಮುಟ್ಟಿದ ಕೂಡಲೇ ಜುಂ ಎಂದು ಕೊಡ ಕೈಬಿಟ್ಟು ಉರುಳಿತು. ಶಬ್ದಕ್ಕೆ ಅಂಜಿನಮ್ಮ ಓಡಿ ಬಂದರು.

"ನೀನಾ? ಬೆಳಿಗ್ಗೆಯಿಂದ ತಣ್ಣಗಿದ್ದ ತಾಯಿ ನೀನು ಮುಟ್ಟಿದ್ ತಕ್ಷಣ ಯಾಕೆ ಕೆರಳ್ದಳು?"

"ಅಂಜಿನಮ್ಮೋರೆ, ನಾನು ಹೊರಗಾಗಿಲ್ಲ. ದೇವ್ರಾಣೆ."

"ಮೈಲಿಗೆ ಮುಚ್ಚಿಟ್ಕಂಡು ಆಣೆ ಬೇರೆ ಇಕ್ತೀಯಾ? ನಾಳೆಯಿಂದ ಈ ನಲ್ಲಿ ಮುಟ್ಬೇಡ. ಊರಾಚೆ ಬಾವಿ ಐತೆ, ಅಲ್ಲಿ ಸೇದ್ಕ. ಬಳೆ ಶಾಸ್ತ್ರ ಮುಗಿದ್ಮೇಲೆ ಮನೆ ಖಾಲಿ ಮಾಡು."

ಆರು ಮನೆಯ ಬಾಗಿಲಲ್ಲೂ ಜನ ನಿಂತು ನೋಡುತ್ತಿದ್ದರು. ಶಾಕ್ ಹೊಡೆದದ್ದು ಅವಳಿಗೆ, ತಪ್ಪಿತಸ್ಥಳೂ ಅವಳೇ. ಏಟು ತಿಂದವರನ್ನೇ ಏಟಿಗೆ ಕಾರಣ ಕೇಳುವ ನ್ಯಾಯ ನಮ್ಮಲ್ಲಿ ಮಾತ್ರ ಇರುವುದೇನೋ.

ವಠಾರದ ಐದನೆಯ ಮನೆಯಲ್ಲಿ ಸತ್ಯವತಿ ಇದ್ದಳು. ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ತಾಮ್ರದ ತಂತಿ ಸುತ್ತುವ ಕೆಲಸ. ಅವಳ ಕೈಚೀಲದಲ್ಲಿ ಬಾಚಣಿಗೆಯ ಪಕ್ಕದಲ್ಲೇ ಟೆಸ್ಟರ್ ಇರುತ್ತಿತ್ತು. ತಾಯಿಗೆ ಹುಷಾರಿಲ್ಲವೆಂದು ಯುಗಾದಿಗೇ ರಜೆ ಹಾಕಿ ತವರಿಗೆ ಹೋಗಿದ್ದವಳು ಒಂದೂವರೆ ತಿಂಗಳ ಮೇಲೆ ಮರಳಿ ಬಂದಾಗ ಬಾವಿಯಿಂದ ನೀರು ಹೊತ್ತು ತರುತ್ತಿದ್ದ ವೆಂಕಟಲಕ್ಷ್ಮಿ ಎದುರಾದಳು.

"ಇದೇನೇ ಲಕ್ಷ್ಮಿ, ಮನೆ ಮುಂದೆ ನಲ್ಲಿ ಇಟ್ಕೊಂಡು ಬಾವಿಗೆ ಹೋಗ್ತಿದೀಯ?"

ವೆಂಕಟಲಕ್ಷ್ಮಿ ಕೊಡ ಇಳಿಸಿ ಎಲ್ಲ ಹೇಳಿದಳು. ಹೇಳುತ್ತಾ ಅತ್ತಳು. ಸತ್ಯವತಿ ಸಮಾಧಾನ ಮಾಡಲಿಲ್ಲ, ಪ್ರಶ್ನೆ ಕೇಳಿದಳು.

"ಮೈಲಿಗೆ ಅಂತೆ. ಕರೆಂಟಿಗೆ ಮಡಿ ಮೈಲಿಗೆ ಗೊತ್ತಾಗತ್ತೇನೇ? ಯಜಮಾನ್ರು ಮುಟ್ಟಿದಾಗ ಕಾಲಲ್ಲಿ ಚಪ್ಪಲಿ ಇತ್ತಾ?"

"ಇತ್ತು ಸತ್ಯಕ್ಕ. ರಬ್ಬರ್‌ದು."

"ನೀವೆಲ್ಲ ಬರಿಗಾಲು. ಚಪ್ಪಡಿ ಒದ್ದೆ. ಇದು ಕರೆಂಟೇ ಕಣೇ. ಬಾ ನನ್ ಜೊತೆ."

ಯಜಮಾನರನ್ನು ಕರೆದು ಅವರ ಮುಂದೆಯೇ ಸತ್ಯವತಿ ಟೆಸ್ಟರ್‌ನ ತುದಿಯನ್ನು ನಲ್ಲಿಗೆ ಇಟ್ಟಳು. ಕರೆಂಟಿದ್ದರೆ ಅದರ ಹಿಡಿಯೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಬೇಕು. ಹೊತ್ತಲಿಲ್ಲ. ಇನ್ನೊಂದು ಸಲ ಇಟ್ಟಳು. ಇಲ್ಲ.

ಚಿಕ್ಕಬೈರಪ್ಪನವರು ಗಹಗಹಿಸಿ ನಕ್ಕರು. "ನೋಡವ್ವ, ನಿನ್ ಫ್ಯಾಕ್ಟ್ರಿ ಬುದ್ಧಿ ಫ್ಯಾಕ್ಟ್ರೀಲೇ ಇಕ್ಕೊ. ಕರೆಂಟು ಇದ್ರೆ ಪಾಪಯ್ಯ ಕಟ್ಟಿರೋ ಅರ್ತಿಂಗು ಸುಮ್ನೆ ಬುಡ್ತದಾ?"

ಸತ್ಯವತಿಯ ಮುಖ ಕೆಂಪಾಯಿತು. "ಈಗ ಇಲ್ಲ ಅಂದ್ರೆ ಯಾವಾಗ್ಲೂ ಇಲ್ಲ ಅಂತಲ್ಲ ಯಜಮಾನ್ರೇ," ಎಂದಳು. ಅವರು ಆಗಲೇ ಬೆನ್ನು ತಿರುಗಿಸಿದ್ದರು.

ವೆಂಕಟಲಕ್ಷ್ಮಿ ಬಾವಿಯ ನೀರನ್ನೇ ಹೊತ್ತಳು. ರಾಮಪ್ರಸಾದ ಬೇರೆ ಮನೆ ಹುಡುಕತೊಡಗಿದ. "ನಮಗ್ಯಾಕೆ ಊರ ಉಸಾಬರಿ," ಎಂದ. ಅವಳ ಮನಸ್ಸಿನಲ್ಲಿ ಮಾತ್ರ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಹೊಡೆದರೆ ದಿನವೂ ಹೊಡೆಯಬೇಕು. ಶುಕ್ರವಾರ ಬೆಳಿಗ್ಗೆ ಮಾತ್ರ ಯಾಕೆ ಇಲ್ಲ?

ಮುಂದಿನ ಶುಕ್ರವಾರ ಕೊಡ ಹೊತ್ತು ಅಂಗಳ ದಾಟುವಾಗ ಅವಳಿಗೆ ಉತ್ತರ ಸಿಕ್ಕಿತು. ಯಜಮಾನರ ಕಿಟಕಿಯ ಒಳಗೆ ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು. ಅಂಜಿನಮ್ಮ ಒಳಗೆ ಕಟ್ಟಿದ್ದ ಮಂಜುಗಡ್ಡೆ ಕರಗಿದ ನೀರನ್ನು ತಟ್ಟೆಯಲ್ಲಿ ತಂದು ತುಳಸಿ ಗಿಡಕ್ಕೆ ಸುರಿಯುತ್ತಿದ್ದರು. ವಾರಕ್ಕೊಮ್ಮೆ ಶುಕ್ರವಾರ ಫ್ರಿಜ್ ಆಫ್ ಮಾಡಿ, ಒರೆಸಿ, ಕುಂಕುಮ ಇಟ್ಟು, ಮಧ್ಯಾಹ್ನದ ಮೇಲೆ ಮತ್ತೆ ಹಾಕುವುದು ಅವರ ಪದ್ಧತಿ. ದಿನವೂ ಆ ಕಿಟಕಿಯಿಂದ ಕೇಳುತ್ತಿದ್ದ ಗುಂಯ್ ಎನ್ನುವ ಶಬ್ದ ಇವತ್ತು ಇರಲಿಲ್ಲ.

ವೆಂಕಟಲಕ್ಷ್ಮಿ ಅಲ್ಲೇ ನಿಂತಳು. ಅವಳ ಕಣ್ಣು ಕಿಟಕಿಯಿಂದ ಹಸಿರು ತಂತಿಗೆ, ತಂತಿಯಿಂದ ನಲ್ಲಿಗೆ ಹೋಯಿತು.

ಶಾಂತವಾಗಿದ್ದದ್ದು ಗಂಗಮ್ಮ ಅಲ್ಲ, ಫ್ರಿಜ್ಜು.

ಸಂಜೆ ಶಿಫ್ಟ್ ಮುಗಿಸಿ ಬಂದ ಸತ್ಯವತಿಗೆ ಹೇಳಿದಳು. ಸತ್ಯವತಿ ಹಣೆ ಬಡಿದುಕೊಂಡಳು.

"ನನಗೆ ಹೊಳೀಲಿಲ್ಲ ನೋಡು. ಫ್ರಿಜ್ ಮೋಟ್ರು ಯಾವಾಗ್ಲೂ ಓಡಲ್ಲ. ತಣ್ಣಗಾದ್ರೆ ನಿಲ್ಲತ್ತೆ, ಬಿಸಿಯಾದ್ರೆ ಮತ್ತೆ ಓಡತ್ತೆ. ಗುಂಯ್ ಅಂದಾಗ ಮಾತ್ರ ಕರೆಂಟು ಲೀಕ್ ಆಗ್ತಿದೆ. ನಾನು ಟೆಸ್ಟರ್ ಇಟ್ಟಾಗ ಅದು ನಿಂತಿತ್ತು. ಆ ತಂತಿ ಕರೆಂಟನ್ನ ನೆಟ್ಟಗೆ ನಲ್ಲಿಗೆ ತಂದು ಬಿಡ್ತಿದೆ."

ಬೇಲಿಯೇ ಎದ್ದು ಹೊಲ ಮೇದ ಹಾಗಾಗಿತ್ತು. ಕಾಪಾಡಲು ಕಟ್ಟಿದ ತಂತಿಯೇ ಹೊಡೆಯುತ್ತಿತ್ತು. ಇಬ್ಬರೂ ಆಗಲೇ ಹೋಗಿ ಯಜಮಾನರ ಬಾಗಿಲು ತಟ್ಟಿದರು. ಅಂಜಿನಮ್ಮ ಅರ್ಧ ಬಾಗಿಲು ತೆರೆದು, "ಶಾಸ್ತ್ರದ ಮನೆ, ನೀನು ಒಸ್ತಿಲು ತುಳೀಬೇಡ," ಎಂದು ವೆಂಕಟಲಕ್ಷ್ಮಿಯ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡರು. ಶನಿವಾರವೂ ಅದೇ ಆಯಿತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಪ್ಪರ ಎದ್ದಿತ್ತು. ನೆಂಟರು ತುಂಬಿದ್ದರು. ಫ್ರಿಜ್ಜಿನಲ್ಲಿ ಹಾಲು, ಮಜ್ಜಿಗೆ, ಹೂವಿನ ಹಾರ. ಗಳಿಗೆಗೊಮ್ಮೆ ಅದರ ಬಾಗಿಲು ತೆರೆದು ಮುಚ್ಚುತ್ತಿದ್ದರಿಂದ ಮೋಟಾರು ಒಂದೇ ಸಮನೆ ಓಡುತ್ತಿತ್ತು. ಆ ಗುಂಯ್ ಶಬ್ದ ವೆಂಕಟಲಕ್ಷ್ಮಿಗೆ ತನ್ನ ಮನೆಯೊಳಗೂ ಕೇಳಿದ ಹಾಗೆ ಆಗುತ್ತಿತ್ತು. ಅವಳನ್ನು ಶಾಸ್ತ್ರಕ್ಕೆ ಕರೆದಿರಲಿಲ್ಲ.

ಬಾಗಿಲ ಸಂದಿಯಿಂದ ನೋಡಿದಳು. ಅಂಜಿನಮ್ಮನ ಮಗಳು ಕೃಷ್ಣಮ್ಮ ಹಸಿರು ಸೀರೆಯುಟ್ಟು, ತಟ್ಟೆ ಹಿಡಿದು, ಭಾರದ ಹೆಜ್ಜೆ ಇಡುತ್ತಾ ಬರುತ್ತಿದ್ದಳು. ಬರಿಗಾಲು. ಇನ್ನು ಹತ್ತು ಹೆಜ್ಜೆಗೆ ಒದ್ದೆ ಚಪ್ಪಡಿ.

ತನ್ನನ್ನು ಮೈಲಿಗೆ ಎಂದವರ ಮಗಳು. ಮನೆ ಬಿಟ್ಟು ಹೋಗು ಎಂದವರ ಮಗಳು. ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಯಾರೂ ಏನೂ ಕೇಳುವಂತಿರಲಿಲ್ಲ. ವೆಂಕಟಲಕ್ಷ್ಮಿಗೆ ಹೀಗೆ ಅನ್ನಿಸಿತು ನಿಜ. ಅನ್ನಿಸಿದ ಮರುಕ್ಷಣವೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಭಾಗ್ಯಮ್ಮ ಬಿದ್ದ ದಿನ ಸುಮ್ಮನಿದ್ದದ್ದೇ ಸಾಕು. ಗಂಡನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡಳು. "ಸತ್ಯಕ್ಕಾ, ಟೆಸ್ಟರ್ ತಗೊಂಡು ಬಾ," ಎಂದು ಕೂಗಿ ಅಂಗಳಕ್ಕೆ ಓಡಿದಳು.

ನೆಂಟರೆಲ್ಲ ನೋಡುತ್ತಿದ್ದ ಹಾಗೆ, ಚಪ್ಪಲಿ ಕಾಲಲ್ಲೇ ಚಪ್ಪಡಿ ಹತ್ತಿ, ಕೃಷ್ಣಮ್ಮನಿಗೂ ನಲ್ಲಿಗೂ ನಡುವೆ ನಿಂತಳು.

"ಮುಟ್ಬೇಡಿ. ನಲ್ಲೀಲಿ ಕರೆಂಟ್ ಇದೆ."

ಅಂಜಿನಮ್ಮ ಅರಿಶಿನದ ಬಟ್ಟಲು ಹಿಡಿದೇ ಮುನ್ನುಗ್ಗಿದರು. "ಚಪ್ಪಲಿ ಮೆಟ್ಕಂಡು ಗಂಗಮ್ಮನ ಮೇಲೆ ನಿಂತವ್ಳಲ್ಲ, ಇವ್ಳ ವಂಶ ಆಳಾಗೋಗ. ಎಳೆದಾಕ್ರೋ ಆಚೆಗೆ."

"ಎಳೀರಿ," ಎಂದಳು ವೆಂಕಟಲಕ್ಷ್ಮಿ. "ಆದ್ರೆ ನನ್ನ ಎಳೆಯೋಕೆ ಮುಂಚೆ ಇದನ್ನ ನೋಡಿ. ಭಾಗ್ಯಮ್ಮನ ಕೈ ಮುರೀತು, ಮೈಲಿಗೆ ಅಂದ್ರಿ. ನನಗೆ ಹೊಡೀತು, ಮೈಲಿಗೆ ಅಂದ್ರಿ. ಈಗ ನಿಮ್ಮ ಮಗಳಿಗೆ ಹೊಡೆದ್ರೆ ಏನಂತೀರಿ? ಹೊಟ್ಟೇಲಿರೋ ಕೂಸಿಗೂ ಮೈಲಿಗೆ ಅಂತೀರಾ?"

ಅಷ್ಟರಲ್ಲಿ ಸತ್ಯವತಿ ಟೆಸ್ಟರ್ ಹಿಡಿದು ಬಂದಿದ್ದಳು.

"ಅವತ್ತೇ ನೋಡಾಯ್ತಲ್ಲವ್ವ," ಎಂದರು ಚಿಕ್ಕಬೈರಪ್ಪನವರು.

"ಅವತ್ತು ಫ್ರಿಜ್ ನಿಂತಿತ್ತು ಯಜಮಾನ್ರೇ. ಈಗ ಕಿಟಕಿಗೆ ಕಿವಿ ಕೊಡಿ. ಗುಂಯ್ ಅಂತಿದೆಯಾ?"

ಸತ್ಯವತಿ ಟೆಸ್ಟರ್ ತುದಿಯನ್ನು ನಲ್ಲಿಗೆ ತಾಗಿಸಿದಳು. ಹಿಡಿಯೊಳಗೆ ಕೆಂಪು ದೀಪ ಹೊತ್ತಿತು. ಹತ್ತಿರವಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ಯಾರಾದ್ರೂ ಒಳಗೋಗಿ ಫ್ರಿಜ್ ಸ್ವಿಚ್ ಆರಿಸಿ."

ಒಳಗೆ ಗುಂಯ್ ನಿಂತಿತು. ದೀಪ ಆರಿತು. ಮತ್ತೆ ಹಾಕಿಸಿದಳು. ಒಂದೆರಡು ನಿಮಿಷಕ್ಕೆ ಮೋಟಾರು ಗುಂಯ್ ಎಂದಿತು, ದೀಪವೂ ಹೊತ್ತಿತು. ಇನ್ನೊಮ್ಮೆ ಆರಿಸಿದಾಗ ದೀಪವೂ ಆರಿತು.

"ಇನ್ನೂ ನಂಬಿಕೆ ಇಲ್ದೇ ಇದ್ರೆ," ಎಂದಳು ಸತ್ಯವತಿ, "ಚಪ್ಪಲಿ ಬಿಟ್ಟು ನೀವೇ ಮುಟ್ಟಿ ನೋಡ್ತೀರಾ ಅಂತ ಕೇಳ್ಬೋದು. ಕೇಳಲ್ಲ, ಮುಟ್ಟೋಕೆ ಬಿಡೋದೂ ಇಲ್ಲ. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವ್ರೇ ಕರೆಂಟಿಗೆ ದಾರಿ. ನಿಮ್ಮ ಕಾಲಿಗೆ ರಬ್ಬರ್ ಇತ್ತು, ನೀವು ಉಳ್ಕೊಂಡ್ರಿ. ಫ್ರಿಜ್ ಮುಂದೆ ರಬ್ಬರ್ ಹಾಳೆ ಇದೆ, ಅಂಜಿನಮ್ಮೋರು ಉಳ್ಕೊಂಡ್ರು. ಹೆಂಗಸರು ಬರಿಗಾಲು, ಹೊಡೆಸ್ಕೊಂಡ್ರು. ಇವತ್ತು ಸ್ವಲ್ಪ ಸೋರ್ತಿದೆ, ಜುಂ ಅನ್ನತ್ತೆ. ನಾಳೆ ಒಳಗಿನ ತಂತಿ ಪೂರ್ತಿ ಬಾಯಿ ಬಿಟ್ರೆ ಮುಟ್ಟಿದವ್ರು ಏಳಲ್ಲ."

ಚಿಕ್ಕಬೈರಪ್ಪನವರು ತಮ್ಮ ಕಾಲಿನ ಚಪ್ಪಲಿ ನೋಡಿಕೊಂಡರು.

ಕೃಷ್ಣಮ್ಮ ತಟ್ಟೆಯನ್ನು ನೆಲಕ್ಕಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಅವ್ವಾ, ಆ ಭಾಗ್ಯಮ್ಮಂಗೆ ನೀನು ಏನಂದಿದ್ದೆ?"

ಅಂಜಿನಮ್ಮ ಮಗಳ ಕೈ ಹಿಡಿದು ಚಪ್ಪಡಿಯಿಂದ ದೂರಕ್ಕೆ ಕರೆದೊಯ್ದರು.

ಪಾಪಯ್ಯನನ್ನು ಹಿಡಿದು ತಂದರು. ಅವನು ಅದೇ ಹಾಡು ಹಾಡಿದ: "ಬೆಂಗ್ಳೂರಾಗೆಲ್ಲ ಇಂಗೇ ಮಾಡೋದು ಕಣಕ್ಕ."

"ಮಾಡ್ತಾರೆ. ಅದಕ್ಕೇ ಎಷ್ಟೋ ಮನೇಲಿ ನಲ್ಲಿ ಹೊಡೀತಿದೆ," ಎಂದಳು ಸತ್ಯವತಿ. "ಈ ಪೈಪು ಭೂಮಿ ಒಳಗೆ ಎಲ್ಲಿ ಹೋಗಿದೆ, ತೋರ್ಸು. ಮೇಲಿಂದ ಬಂದಿದೆ, ಕಲ್ಲಿನ ಮೇಲೆ ನಿಂತಿದೆ. ಭೂಮಿಗೆ ಹೋಗಿದ್ರೂ ಕಟ್ಬಾರ್ದು. ಒಂದು ಮನೆ ಕರೆಂಟು ಆ ಪೈಪಿನ ನೀರು ಕುಡಿಯೋರ ಮನೆಗೆಲ್ಲ ಹೋಗತ್ತೆ. ನೀರಿನ ಪೈಪು ಇರೋದು ನೀರಿಗೆ."

ಪಾಪಯ್ಯ ಆಕಾಶ ನೋಡಿದ. ಅಲ್ಲಿ ತೊಟ್ಟಿ ಕಂಡಿತು.

ಆ ದಿನ ಮೇನ್ ಸ್ವಿಚ್ ಆರಿಸಿಯೇ ಶಾಸ್ತ್ರ ನಡೆಯಿತು. ಕೃಷ್ಣಮ್ಮ ಬಾವಿಯಿಂದ ತಂದ ಕೊಡದ ನೀರಿಗೆ ಗಂಗೆ ಪೂಜೆ ಮಾಡಿದಳು. ಮಾರನೆಯ ದಿನ ಚಿಕ್ಕಬೈರಪ್ಪನವರು ಲೈಸೆನ್ಸ್ ಇರುವ ವೈರ್‌ಮನ್ ಕೃಷ್ಣಪ್ಪನನ್ನು ಕರೆಸಿದರು. ಅವನು ಹಸಿರು ತಂತಿ ಬಿಚ್ಚಿ ಎಸೆದ. ಹಿತ್ತಲಿನಲ್ಲಿ ಆಳುದ್ದಕ್ಕಿಂತ ಆಳವಾದ ಗುಂಡಿ ತೋಡಿಸಿ, ಲೋಹದ ಹಲಗೆ ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿಸಿದ. ಅಲ್ಲಿಂದ ಮನೆಯೊಳಗೆ ತಂತಿ ಎಳೆದು ಮೂರು ತೂತಿನ ಪ್ಲಗ್ಗು ಹಾಕಿದ. ಫ್ರಿಜ್ಜಿನ ಹಿಂಭಾಗ ಬಿಚ್ಚಿ ನೋಡಿದರೆ ಮೋಟಾರಿಗೆ ಹೋಗುವ ತಂತಿಯ ಹೊದಿಕೆ ಉಜ್ಜಿ ಉಜ್ಜಿ ಸವೆದಿತ್ತು. ಒಂದು ಗೇಣು ತಂತಿ ಬದಲಾಯಿಸಿದ್ದಕ್ಕೆ ಎರಡು ತಿಂಗಳ ಗಂಗಮ್ಮನ ಕೋಪ ಇಳಿಯಿತು.

ಸಂಜೆ ಅಂಜಿನಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ವೆಂಕಟಲಕ್ಷ್ಮಿಯ ಬಾಗಿಲಿಗೆ ಬಂದರು.

"ತಗಳವ್ವ. ನನ್ ಮಗಳ ಜೀವ ಉಳಿಸ್ದೆ. ಮನೆ ಬುಟ್ಟು ಓಗ್ಬೇಡ. ನನ್ನಿಂದ ತಪ್ಪಾಯ್ತು."

ವೆಂಕಟಲಕ್ಷ್ಮಿ ತಟ್ಟೆ ಮುಟ್ಟಲಿಲ್ಲ. ಅವಳ ಸಿಟ್ಟು ಎಲೆ ಅಡಿಕೆಗೆ ಇಳಿಯುವಂಥದ್ದಾಗಿರಲಿಲ್ಲ, ಇಳಿಯಲೂಬಾರದಿತ್ತು.

"ತಗೋತೀನಿ ಅಂಜಿನಮ್ಮೋರೆ. ಅದಕ್ಕೆ ಮೊದಲು ಭಾಗ್ಯಮ್ಮನ ಹತ್ರ ಹೋಗಿ ಹೇಳಿ. ಅವಳಿಗೆ ಅಂದದ್ದು ಅಂಗಳದಲ್ಲಿ, ಎಲ್ಲರ ಮುಂದೆ. ಇದನ್ನೂ ಅಲ್ಲೇ ಹೇಳಿ."

ಅಂಜಿನಮ್ಮ ತಟ್ಟೆ ಹಿಡಿದು ತಿರುಗಿದರು. ಜೀವಮಾನದಲ್ಲಿ ಬಾಡಿಗೆಯವರ ಮುಂದೆ ತಲೆ ಬಾಗಿಸಿದವರಲ್ಲ. ಆದರೂ ಅಂಗಳಕ್ಕೆ ಇಳಿದು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಭಾಗ್ಯಮ್ಮನ ಮುಂದೆ ನಿಂತು, ಆರು ಮನೆಗೂ ಕೇಳುವ ಹಾಗೆ ಹೇಳಿದರು: "ಭಾಗ್ಯ, ನಿಂದೇನೂ ತಪ್ಪಿರ್ಲಿಲ್ಲ ಕಣವ್ವ. ತಪ್ಪು ನಮ್ಮನೆ ತಂತೀದು. ನನ್ ಬಾಯಿದು."

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ಫ್ರಿಜ್ಜೋ, ಇಸ್ತ್ರಿ ಪೆಟ್ಟಿಗೆಯೋ, ನೀರಿನ ಮೋಟಾರೋ, ಏನಿದ್ದರೂ ಸರಿ, ಎದ್ದು ಹೋಗಿ ನಿಮ್ಮ ನಲ್ಲಿ ಪೈಪನ್ನು ಒಮ್ಮೆ ನೋಡಿ. ತಂತಿ ಸುತ್ತಿದ್ದರೆ ನೀವೇ ಕೈಹಾಕಿ ಬಿಚ್ಚಲು ಹೋಗಬೇಡಿ. ಮೇನ್ ಸ್ವಿಚ್ ಆರಿಸಿ, ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಸಿ, ನೆಲದಲ್ಲಿ ಸರಿಯಾದ ಅರ್ತಿಂಗ್ ಹಾಕಿಸಿ, ಮೂರು ತೂತಿನ ಪ್ಲಗ್ಗು ಹಾಕಿಸಿ. ಯಾರಾದರೂ ಕರೆಂಟಿಗೆ ಅಂಟಿಕೊಂಡರೆ ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಸ್ವಿಚ್ ಆರಿಸಿ, ಅದು ಆಗದಿದ್ದರೆ ಒಣಗಿದ ಕಡೆ ನಿಂತು ಒಣ ಕಟ್ಟಿಗೆಯಿಂದ ಬಿಡಿಸಿ. ನಿಮ್ಮ ಮನೆಯ ಹೆಂಗಸು ನಲ್ಲಿ ಹೊಡೆಯಿತು ಎಂದರೆ ಹೊರಗಾಗಿದ್ದೀಯಾ ಎಂದು ಅವಳನ್ನು ಕೇಳಬೇಡಿ, ಅವಳ ಮಾತು ನಂಬಿ ತಂತಿ ಹುಡುಕಿ. ಅವಳು ಎರಡನೆಯ ಸಲ ಹೇಳಲು ಉಳಿಯದೇ ಹೋಗಬಹುದು.